ಹಾಡಿಗೆ ಪೆನ್ಷನ್ ಕೊಡೋರು ಯಾರು?

ಹೊರನಾಡ ಕನ್ನಡಿಗರ ಮನೆಗಳಲ್ಲಿ ಸಂಗೀತ ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಶನಿವಾರ, ಭಾನುವಾರ ಪಾಠಕ್ಕೆ ಕರೆದುಕೊಂಡು ಹೋಗುತ್ತೇವೆ, ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಮಗು ದೇವರನಾಮ ಹಾಡಿದರೆ ಮೊಬೈಲಿನಲ್ಲಿ ತುಂಬಿಸಿಕೊಂಡು ಊರಿನ ಅಜ್ಜ, ಅಜ್ಜಿಗೆ ಕಳಿಸುತ್ತೇವೆ. ಅದೇ ಮಗು ಹದಿನೆಂಟನೇ ವಯಸ್ಸಿಗೆ ಬಂದು "ನಾನು ಇದನ್ನೇ ಓದ್ತೀನಿ, ಇದರಲ್ಲೇ ಬದುಕ್ತೀನಿ" ಎಂದಾಗ ಮಾತ್ರ ಮನೆಯಲ್ಲಿ ಎಲ್ಲರ ಮುಖ ಗಂಭೀರವಾಗುತ್ತದೆ. ಅಲ್ಲಿಯವರೆಗೆ ಹೆಮ್ಮೆಯಾಗಿದ್ದದ್ದು ಒಂದೇ ದಿನದಲ್ಲಿ ಸಮಸ್ಯೆಯಾಗುತ್ತದೆ.

ಕಳೆದ ವರ್ಷ ಆ ಸಮಸ್ಯೆ ನಮ್ಮ ಮನೆಗೂ ಬಂತು. ಅದಕ್ಕಾಗಿ ನಾನು ಓದಿದ್ದು, ವಿಚಾರಿಸಿದ್ದು, ಲೆಕ್ಕ ಹಾಕಿದ್ದು ಇನ್ನೊಂದು ಮನೆಗೂ ಉಪಯೋಗಕ್ಕೆ ಬರಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಊರಿನ ಪರಿಚಯ. ನಮ್ಮ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ, ಶ್ರೀಶೈಲ, ನಾಗಾರ್ಜುನಸಾಗರಗಳಲ್ಲಿ ನಿಂತು ನಿಂತು ಬರುವ ಕೃಷ್ಣಾ ನದಿ ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಹಿಂದೆ ಸಮುದ್ರದ ಹಾಗೆ ಹರಡಿಕೊಳ್ಳುತ್ತದೆ. ಕನಕದುರ್ಗೆಯ ಬೆಟ್ಟ ಇಂದ್ರಕೀಲಾದ್ರಿಯನ್ನು ಬಳಸಿ ಪಶ್ಚಿಮಕ್ಕೆ ಬಂದರೆ ಅದೇ ನದಿಯ ದಂಡೆಯಲ್ಲಿ ಭವಾನಿಪುರಂ ಸಿಗುತ್ತದೆ. ಹೆಂಡತಿಗೆ ಬ್ಯಾಂಕಿನಲ್ಲಿ ಇಲ್ಲಿಗೆ ವರ್ಗವಾದಾಗ ನಾನೂ ಬಂದೆ. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಸಾಫ್ಟ್‌ವೇರ್ ಬರೆಯುತ್ತೇನೆ. ಅಕ್ಕ, ಭಾವ ನನಗಿಂತ ಎಷ್ಟೋ ವರ್ಷ ಮೊದಲೇ ಇಲ್ಲಿ ನೆಲೆಸಿದವರು. ಭಾವನಿಗೆ ರೈಲ್ವೆಯಲ್ಲಿ ಕೆಲಸ.

ಈ ಊರಿನಲ್ಲಿ ಇಂಟರ್‌ಮೀಡಿಯೆಟ್ ಎಂದರೆ ಎರಡೇ ದಾರಿ, ಎಂಪಿಸಿ ಅಥವಾ ಬೈಪಿಸಿ. ಫಲಿತಾಂಶದ ಕಾಲದಲ್ಲಿ ರಸ್ತೆಯುದ್ದಕ್ಕೂ ರ‍್ಯಾಂಕ್ ಬಂದ ಮಕ್ಕಳ ಪಾಸ್‌ಪೋರ್ಟ್ ಫೋಟೊಗಳ ಫ್ಲೆಕ್ಸ್ ನಿಲ್ಲುತ್ತವೆ. ಇದೇ ಊರು ಮಂಗಳಂಪಲ್ಲಿ ಬಾಲಮುರಳಿಕೃಷ್ಣ ಅವರನ್ನು ಬೆಳೆಸಿದ ಊರು ಎನ್ನುವುದನ್ನು ಯಾವ ಫ್ಲೆಕ್ಸೂ ಹೇಳುವುದಿಲ್ಲ.

ಅಕ್ಕನ ಮಗಳು ಆರನೇ ವಯಸ್ಸಿನಿಂದ ಹಾಡುಗಾರಿಕೆ ಕಲಿಯುತ್ತಿದ್ದಾಳೆ. ಎಂಪಿಸಿ ಮುಗಿಸಿದಳು, ಅಂಕವೂ ಚೆನ್ನಾಗಿ ಬಂತು. ಎಂಜಿನಿಯರಿಂಗ್ ಕೌನ್ಸೆಲಿಂಗ್‌ಗೆ ಅರ್ಜಿ ಹಾಕುವ ಹೊತ್ತಿಗೆ "ನನಗೆ ಬೇಡ" ಎಂದುಬಿಟ್ಟಳು. ಅಕ್ಕ ನನಗೆ ಫೋನ್ ಮಾಡಿ "ನೀನೇ ಒಂದು ಮಾತು ಹೇಳೋ, ನಿನ್ನ ಮಾತು ಕೇಳ್ತಾಳೆ" ಎಂದಳು. ಭಾವ ಕೂಗಾಡುವವರಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಂಗೂ ಸಂಗೀತ ಇಷ್ಟಾನೇ ಕಣಯ್ಯಾ. ಆದ್ರೆ ಹಾಡಿಗೆ ಪೆನ್ಷನ್ ಕೊಡೋರು ಯಾರು?"

ಅದಕ್ಕೆ ಹುಡುಗಿ ನನ್ನ ಕಡೆ ತಿರುಗಿ, "ಮಾಮ, ನಿಮ್ ಕಂಪನೀಲಿ ಪೆನ್ಷನ್ ಇದೆಯಾ?" ಎಂದಳು.

ಇಲ್ಲ. ಎರಡು ವರ್ಷಕ್ಕೊಮ್ಮೆ ಕಂಪನಿಯವರು ಜನರನ್ನು ಕಡಿಮೆ ಮಾಡುವ ಸುದ್ದಿ ಬಂದಾಗ ರಾತ್ರಿ ನಿದ್ದೆ ಬಾರದೆ ಹೊರಳಾಡುವವನು ನಾನು. ಅವಳ ಮಾತು ನ್ಯಾಯವೇ. ಆದರೂ ಭಾವನ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಎರಡು ವಾರ ಸಮಯ ಕೇಳಿದೆ.

ಮೊದಲು ಯಾರು ಕೊಡುತ್ತಿದ್ದರು?

ನಮ್ಮಲ್ಲಿ ಒಂದು ನಂಬಿಕೆಯಿದೆ: ದೊಡ್ಡ ಸಂಗೀತಗಾರರೆಲ್ಲ ಕಛೇರಿ ಮಾಡಿ ಬದುಕಿದರು, ಅಷ್ಟು ಪ್ರತಿಭೆ ನಮ್ಮ ಮಗುವಿಗೆ ಇದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಹಳೆಯ ವಿದ್ವಾಂಸರ ಬದುಕನ್ನು ನೋಡುತ್ತಾ ಹೋದರೆ ಚಿತ್ರ ಬೇರೆಯೇ ಇದೆ. ಅವರಲ್ಲಿ ಬಹಳ ಜನಕ್ಕೆ ತಿಂಗಳ ಆದಾಯ ಬೇರೆ ಎಲ್ಲಿಂದಲೋ ಬರುತ್ತಿತ್ತು.

ಮೈಸೂರಿನ ವೀಣೆ ಶೇಷಣ್ಣ, ವಾಸುದೇವಾಚಾರ್ಯರು ಆಸ್ಥಾನ ವಿದ್ವಾಂಸರು. ಅರಮನೆಯೇ ಅವರಿಗೆ ಆಧಾರ. ಸಂಸ್ಥಾನಗಳು ಹೋದ ಮೇಲೆ ಆ ಜಾಗಕ್ಕೆ ಬಂದದ್ದು ಆಕಾಶವಾಣಿ. ವಿಜಯವಾಡದ ನಿಲಯ ಆರಂಭವಾದದ್ದು 1948ರ ಡಿಸೆಂಬರ್ 1ರಂದು. ಪಿಟೀಲು ವಿದ್ವಾಂಸ ಅನ್ನವರಪು ರಾಮಸ್ವಾಮಿ ಅವರು ಅಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿದರು. ದೊಡ್ಡ ದೊಡ್ಡವರಿಗೆ ಪಕ್ಕವಾದ್ಯ ನುಡಿಸಿದ ಅವರಿಗೆ 2021ರಲ್ಲಿ, ತೊಂಬತ್ತು ದಾಟಿದ ಮೇಲೆ, ಪದ್ಮಶ್ರೀ ಬಂತು. ಕರ್ನಾಟಕದಲ್ಲಿ ಆರ್.ಕೆ. ಶ್ರೀಕಂಠನ್ ಮೂವತ್ತು ವರ್ಷ ಆಕಾಶವಾಣಿಯಲ್ಲಿದ್ದರು. ವೀಣೆಯ ದೊರೆಸ್ವಾಮಿ ಅಯ್ಯಂಗಾರ್ ಅವರೂ ಬೆಂಗಳೂರು ಆಕಾಶವಾಣಿಯವರೇ.

ಬಾಲಮುರಳಿಯವರ ವಿಷಯ ಇನ್ನೂ ಸ್ವಾರಸ್ಯದ್ದು. 1930ರಲ್ಲಿ ಗೋದಾವರಿ ಸೀಮೆಯಲ್ಲಿ ಹುಟ್ಟಿದ ಅವರು ವಿಜಯವಾಡದಲ್ಲಿ ತ್ಯಾಗರಾಜರ ಶಿಷ್ಯಪರಂಪರೆಯ ಪಾರುಪಲ್ಲಿ ರಾಮಕೃಷ್ಣಯ್ಯ ಪಂತುಲು ಅವರಲ್ಲಿ ಕಲಿತರು. ಎಂಟನೇ ವಯಸ್ಸಿಗೇ ಇಲ್ಲಿನ ತ್ಯಾಗರಾಜ ಆರಾಧನೆಯಲ್ಲಿ ಪೂರ್ಣ ಕಛೇರಿ ಮಾಡಿದರು ಎಂದು ಪ್ರಸಿದ್ಧಿ. ಅಂಥ ಬಾಲಪ್ರತಿಭೆಯೂ ಆಕಾಶವಾಣಿಯಲ್ಲಿ ಕೆಲಸ ಮಾಡಿದರು. ವಿಜಯವಾಡದ ಸರ್ಕಾರಿ ಸಂಗೀತ ಕಾಲೇಜಿಗೆ ಮೊದಲ ಪ್ರಾಂಶುಪಾಲರಾದರು. ಆ ಕಾಲೇಜಿಗೆ ಈಗ ಘಂಟಸಾಲರ ಹೆಸರಿದೆ. ನಮ್ಮ ಜಿ.ವಿ. ಅಯ್ಯರ್ ಅವರ 'ಹಂಸಗೀತೆ'ಯಲ್ಲಿ ಹಾಡಿದ್ದಕ್ಕೆ 1975ರ ಸಾಲಿನ ರಾಷ್ಟ್ರಪ್ರಶಸ್ತಿಯೂ ಅವರಿಗೆ ಬಂತು. ಕಛೇರಿ, ರೇಡಿಯೊ, ಕಾಲೇಜು, ಸಿನಿಮಾ, ಎಲ್ಲ ಸೇರಿಯೇ ಬಾಲಮುರಳಿ.

ಉತ್ತರಕ್ಕೆ ವಿಶಾಖಪಟ್ಟಣದ ಕಡೆ ಹೋದರೆ ದ್ವಾರಂ ವೆಂಕಟಸ್ವಾಮಿ ನಾಯುಡು ಸಿಗುತ್ತಾರೆ. ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1893ರಲ್ಲಿ, ಬೆಳೆದದ್ದು ವಿಶಾಖಪಟ್ಟಣದಲ್ಲಿ. 1919ರಲ್ಲಿ ವಿಜಯನಗರಂ ಮಹಾರಾಜರು ಸಂಗೀತ ಕಾಲೇಜು ತೆರೆದು ಹರಿಕಥೆಯ ಆದಿಭಟ್ಲ ನಾರಾಯಣದಾಸರನ್ನು ಅದಕ್ಕೆ ಮುಖ್ಯಸ್ಥರನ್ನಾಗಿ ಮಾಡಿದರು. ಕಲಿಯಲೆಂದು ಹೋದ ದ್ವಾರಂ ಅವರ ಪಿಟೀಲು ಕೇಳಿ, ಕಲಿಸಲು ಇಟ್ಟುಕೊಂಡರು ಎಂಬ ಮಾತು ಅಲ್ಲಿ ಇಂದಿಗೂ ಇದೆ. ಆಗ ಅವರಿಗೆ ಇನ್ನೂ ಮೂವತ್ತಾಗಿರಲಿಲ್ಲ. ಮುಂದೆ ಅದೇ ಕಾಲೇಜಿನ ಪ್ರಾಂಶುಪಾಲರೂ ಆದರು. ಘಂಟಸಾಲ, ಪಿ. ಸುಶೀಲಾ ಆ ಕಾಲೇಜಿನಲ್ಲಿ ಓದಿದವರು.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಿಟ್ಟು ಈ ಮಾತು ಮುಗಿಸುವ ಹಾಗಿಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕಣ್ಣು ಕಾಣದ ಮಕ್ಕಳಿಗೆ ಸಂಗೀತವನ್ನು ಕಲೆಯ ಜೊತೆಗೆ ಅನ್ನದ ವಿದ್ಯೆಯಾಗಿಯೂ ಕಲಿಸಿದರು. ಆಶ್ರಮ ನಡೆಸಲು ನಾಟಕ ಕಂಪನಿ ಕಟ್ಟಿದರು. ಅಲ್ಲಿ ಕಲಿತವರು ಹಾಡುಗಾರರಾಗಿ, ಹಾರ್ಮೋನಿಯಂ, ತಬಲಾ ನುಡಿಸುವವರಾಗಿ, ಶಾಲೆಗಳ ಸಂಗೀತ ಮೇಷ್ಟ್ರಾಗಿ ನಾಡಿನ ತುಂಬ ಹರಡಿಕೊಂಡರು. ಸಂಗೀತದಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರಿಗೆ ನಮ್ಮ ನಾಡೇ ಕೊಟ್ಟ ಉತ್ತರ ಇದು.

ಇದನ್ನೆಲ್ಲ ಹೇಳಿದಾಗ ಭಾವ ಸುಮ್ಮನೆ ಕೇಳಿ, "ಅದೆಲ್ಲ ಆಗಿನ ಕಾಲ. ಈಗ?" ಎಂದರು. ಅದೂ ಸರಿಯೇ. ಆಕಾಶವಾಣಿಯಲ್ಲಿ ನಿಲಯದ ಕಲಾವಿದರ ನೇಮಕ ಬಹುಮಟ್ಟಿಗೆ ನಿಂತುಹೋಗಿದೆ. ಅರಮನೆಯ ಜಾಗಕ್ಕೆ ರೇಡಿಯೊ ಬಂದ ಹಾಗೆ ರೇಡಿಯೊ ಜಾಗಕ್ಕೆ ಯಾವುದೋ ಒಂದೇ ಸಂಸ್ಥೆ ಬಂದಿಲ್ಲ. ಹತ್ತು ಸಣ್ಣ ಬಾಗಿಲುಗಳಿವೆ. ಅವುಗಳಲ್ಲಿ ಎರಡು ಮೂರನ್ನು ಒಟ್ಟಿಗೆ ತೆರೆದಿಟ್ಟುಕೊಳ್ಳಬೇಕು. ಎರಡು ವಾರದ ವಿಚಾರಣೆಯಲ್ಲಿ ನನಗೆ ತಿಳಿದ ಮುಖ್ಯ ಸಂಗತಿ ಇದೇ.

ಬಾಗಿಲು ಒಂದು: ಪಾಠ ಹೇಳುವುದು

ಸಂಬಳ, ರಜೆ, ನಿವೃತ್ತಿ ಸೌಲಭ್ಯ ಬೇಕೆನ್ನುವವರು ಮೊದಲು ನೋಡಬೇಕಾದದ್ದು ಶಾಲೆಗಳನ್ನು. ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರಾಥಮಿಕ ತರಗತಿಗಳಿಗೆ ಸಂಗೀತ ಶಿಕ್ಷಕರ ಹುದ್ದೆಗಳಿವೆ. ನವೋದಯ ವಿದ್ಯಾಲಯಗಳಲ್ಲೂ ಇವೆ. ಕೇಂದ್ರೀಯ ವಿದ್ಯಾಲಯದ ಹುದ್ದೆಗೆ ಹನ್ನೆರಡನೇ ತರಗತಿಯ ಜೊತೆಗೆ ಸಂಗೀತದಲ್ಲಿ ಪದವಿ ಅಥವಾ ಅದಕ್ಕೆ ಸಮಾನವಾದದ್ದು ಕೇಳುತ್ತಾರೆ. ಇಲ್ಲಿ ನಮ್ಮವರು ಎಡವುವುದುಂಟು. ಜೂನಿಯರ್, ಸೀನಿಯರ್, ವಿದ್ವತ್ ಎಂದು ಪರೀಕ್ಷೆಗಳನ್ನು ಕಟ್ಟಿ, ಮಗಳು ವಿದ್ವತ್ ಮುಗಿಸಿದ್ದಾಳೆ, ಇನ್ನೇನು ಬೇಕು ಎಂದುಕೊಳ್ಳುತ್ತಾರೆ. ಹಾಡುಗಾರಿಕೆಗೆ ಅದು ಗಟ್ಟಿ ಬುನಾದಿ. ಆದರೆ ಯಾವ ಹುದ್ದೆಗೆ ಯಾವ ಪರೀಕ್ಷೆಯನ್ನು ಪದವಿಗೆ ಸಮ ಎಂದು ಒಪ್ಪುತ್ತಾರೆ ಎನ್ನುವುದನ್ನು ಅಧಿಸೂಚನೆಯಲ್ಲಿ ಓದಿಯೇ ಹೆಜ್ಜೆ ಇಡಬೇಕು. ಆಂಧ್ರದ ಸರ್ಕಾರಿ ಸಂಗೀತ ಕಾಲೇಜುಗಳ ಸರ್ಟಿಫಿಕೇಟ್, ಡಿಪ್ಲೊಮಾಗಳಿಗೂ, ಗಾಂಧರ್ವ ಮಹಾವಿದ್ಯಾಲಯದ ಪರೀಕ್ಷೆಗಳಿಗೂ ಇದೇ ಮಾತು.

ಕಾಲೇಜಿನಲ್ಲಿ ಪಾಠ ಹೇಳಲು ಎಂ.ಎ. ಬೇಕು, ಜೊತೆಗೆ ಯುಜಿಸಿಯ ನೆಟ್ ಅಥವಾ ಪಿಎಚ್.ಡಿ. ನೆಟ್‌ನಲ್ಲಿ ಸಂಗೀತ ಒಂದು ವಿಷಯವಾಗಿಯೇ ಇದೆ. ಇನ್ನೊಂದು ದಾರಿಯೂ ಇದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಯುಜಿಸಿಯ 2018ರ ನಿಯಮಗಳು ಸಾಂಪ್ರದಾಯಿಕ ಕಲಾವಿದರಿಗೂ ಸಹಾಯಕ ಪ್ರಾಧ್ಯಾಪಕರಾಗುವ ಅವಕಾಶ ಕೊಟ್ಟಿವೆ: ಒಂದು ಪದವಿ ಇರಬೇಕು, ಹೆಸರಾಂತ ಗುರುಗಳಲ್ಲಿ ಕಲಿತಿರಬೇಕು, ಆಕಾಶವಾಣಿ ಅಥವಾ ದೂರದರ್ಶನದ ಎ ಗ್ರೇಡ್ ಕಲಾವಿದರಾಗಿರಬೇಕು, ವಿಷಯವನ್ನು ತರ್ಕಬದ್ಧವಾಗಿ ವಿವರಿಸಬಲ್ಲವರಾಗಿರಬೇಕು. ಅಂದರೆ ಆಕಾಶವಾಣಿ ಈಗ ಸಂಬಳ ಕೊಡದಿದ್ದರೂ ಅದರ ಗ್ರೇಡಿಗೆ ಇನ್ನೂ ಬೆಲೆಯಿದೆ. ಬಿ, ಬಿ ಹೈ, ಎ, ಟಾಪ್ ಎಂಬ ಮೆಟ್ಟಿಲುಗಳಿವೆ. ಅರ್ಜಿ ಹಾಕಿ ಆಡಿಷನ್ ಕೊಟ್ಟು ಮೊದಲ ಮೆಟ್ಟಿಲನ್ನು ಬೇಗ ಹತ್ತಿಕೊಳ್ಳುವುದು ಒಳ್ಳೆಯದು.

ಓದಲು ಎಲ್ಲಿ? ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ಮೈಸೂರಿನ ಲಲಿತಕಲಾ ಕಾಲೇಜು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಕಾಲೇಜು ಹಳೆಯ ಹೆಸರುಗಳು. ಈ ಕಡೆ ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ, ತಿರುಪತಿಯ ಪದ್ಮಾವತಿ ಮಹಿಳಾ ವಿಶ್ವವಿದ್ಯಾಲಯಗಳಲ್ಲಿ ಸಂಗೀತ ವಿಭಾಗಗಳಿವೆ. ಚೆನ್ನೈಗೆ ಹೋಗುವವರಿಗೆ ಮದ್ರಾಸ್ ವಿಶ್ವವಿದ್ಯಾಲಯ, ಕಲಾಕ್ಷೇತ್ರ ಇವೆ. ಹಿಂದೂಸ್ತಾನಿಯಲ್ಲಿ ಗುರುಕುಲದ ಮಾದರಿಯಲ್ಲೇ ಕಲಿಯಬೇಕೆಂದರೆ ಕೋಲ್ಕತ್ತದ ಐಟಿಸಿ ಸಂಗೀತ್ ರಿಸರ್ಚ್ ಅಕಾಡೆಮಿ ಆಯ್ದ ಶಿಷ್ಯರನ್ನು ವಿದ್ಯಾರ್ಥಿವೇತನ ಕೊಟ್ಟು ಇಟ್ಟುಕೊಳ್ಳುತ್ತದೆ.

ವಿದ್ಯಾರ್ಥಿವೇತನದ ಮಾತು ಬಂತಲ್ಲ, ಎರಡನ್ನು ಗುರುತು ಹಾಕಿಕೊಳ್ಳಿ. ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಸಿಸಿಆರ್‌ಟಿಯ ಸಾಂಸ್ಕೃತಿಕ ಪ್ರತಿಭಾ ವಿದ್ಯಾರ್ಥಿವೇತನವಿದೆ. ಹದಿನೆಂಟರಿಂದ ಇಪ್ಪತ್ತೈದರವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನವಿದೆ. ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ. ಮೊತ್ತ ದೊಡ್ಡದಲ್ಲ. ಆದರೆ ಗುರುಗಳ ಊರಿನಲ್ಲಿ ಹಾಸ್ಟೆಲ್ ಊಟದ ಖರ್ಚಿನಲ್ಲಿ ಒಂದು ಪಾಲು ಅದರಲ್ಲಿ ಕಳೆಯುತ್ತದೆ.

ಬಾಗಿಲು ಎರಡು: ವೇದಿಕೆ, ಮುಖ್ಯ ಕುರ್ಚಿಯಲ್ಲೇ ಕೂರಬೇಕೆಂದಿಲ್ಲ

ಹೆಸರಿನ ಮೇಲೆ ಕಛೇರಿ ನಡೆಸುವ ಹಾಡುಗಾರರು ಪ್ರತಿ ಪೀಳಿಗೆಯಲ್ಲಿ ಬೆರಳೆಣಿಕೆಯಷ್ಟೇ. ಅಲ್ಲಿ ಕಂಠದ ಜೊತೆಗೆ ಊರು, ಗುರು, ಪರಿಚಯ ಎಲ್ಲ ಕೆಲಸ ಮಾಡುತ್ತವೆ. ವೇದಿಕೆ ಕೊಡುತ್ತೇವೆ ಎಂದು ಕಲಾವಿದರಿಂದಲೇ ದುಡ್ಡು ಕೇಳುವವರೂ ಇದ್ದಾರೆ; ಅಂಥ ಕಡೆ ಹೋಗದಿರುವುದೇ ಮೇಲು. ಆದರೆ ಒಬ್ಬರು ಹಾಡಬೇಕಾದರೆ ಪಕ್ಕದಲ್ಲಿ ಪಿಟೀಲು, ಮೃದಂಗ ಬೇಕೇ ಬೇಕು, ಘಟವೋ ಖಂಜಿರವೋ ಇದ್ದರೆ ಇನ್ನೂ ಕಳೆ. ಒಳ್ಳೆಯ ಪಕ್ಕವಾದ್ಯದವರಿಗೆ ವರ್ಷವಿಡೀ ಕೆಲಸ ಸಿಗುವ ಸಾಧ್ಯತೆ ಹೆಚ್ಚು. ಮಗು ಇನ್ನೂ ಚಿಕ್ಕದಾಗಿದ್ದು ವಾದ್ಯದ ಮೇಲೆ ಮನಸ್ಸಿದ್ದರೆ ಇದನ್ನು ಯೋಚಿಸಿ.

ನೃತ್ಯದವರಿಗೆ ಹಾಡುವುದು ಬೇರೆಯೇ ವಿದ್ಯೆ. ಭರತನಾಟ್ಯವಾಗಲಿ ಕೂಚಿಪೂಡಿಯಾಗಲಿ, ನಟ್ಟುವಾಂಗದವರ ಕಣ್ಣು ನೋಡುತ್ತಾ, ನರ್ತಕಿಯ ಹೆಜ್ಜೆಗೆ ಕಾಯುತ್ತಾ, ಒಂದೇ ಸಾಲನ್ನು ಹತ್ತು ಭಾವದಲ್ಲಿ ಹಾಡಬೇಕು. ಕೂಚಿಪೂಡಿ ಎಂಬ ಹಳ್ಳಿಯೇ ವಿಜಯವಾಡದ ಹತ್ತಿರದಲ್ಲಿದೆ. ಪದಗಳ ಕ್ಷೇತ್ರಯ್ಯನ ಮೊವ್ವ ಅದರ ಪಕ್ಕದಲ್ಲೇ. ಒಂದು ರಂಗಪ್ರವೇಶಕ್ಕೆ ಹಾಡುವವರು, ನುಡಿಸುವವರು ಎಂದು ನಾಲ್ಕೈದು ಜನಕ್ಕೆ ಕೆಲಸ, ತಾಲೀಮಿನ ದಿನಗಳಿಗೂ ಸಂಭಾವನೆ.

ದೇವಸ್ಥಾನಗಳೂ ಇವೆ. ತಿರುಮಲ ತಿರುಪತಿ ದೇವಸ್ಥಾನದವರು ಸಂಗೀತ, ನೃತ್ಯ ಕಾಲೇಜು ನಡೆಸುತ್ತಾರೆ; ಅನ್ನಮಾಚಾರ್ಯರ ಕೀರ್ತನೆಗಳಿಗೆಂದೇ ಪ್ರತ್ಯೇಕ ಯೋಜನೆ ಇಟ್ಟಿದ್ದಾರೆ. ನಾಗಸ್ವರ, ಡೋಲಿನವರಿಗೆ ದೇವಸ್ಥಾನವೇ ಇಂದಿಗೂ ದೊಡ್ಡ ಆಸರೆ.

ಬಾಗಿಲು ಮೂರು: ವಾದ್ಯ, ಯಂತ್ರ, ದಾಖಲೆ

ಈ ಬಾಗಿಲು ನನ್ನಂಥ ಕಂಪ್ಯೂಟರಿನವನಿಗೆ ಹೆಚ್ಚು ಇಷ್ಟವಾದದ್ದು. ಮನೆಯಲ್ಲಿ ತಂಬೂರಿಯ ಬದಲು ಸಣ್ಣ ಪೆಟ್ಟಿಗೆಯೊಂದು ಶ್ರುತಿ ಹಿಡಿದು ಕೂರುತ್ತದಲ್ಲ, ಅದರ ಹಿಂದೆ ಬೆಂಗಳೂರಿನ ಕತೆಯಿದೆ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಕೊಳಲು ನುಡಿಸುತ್ತಿದ್ದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದರು. ರಾಡೆಲ್ ಎಂಬ ಅವರ ಸಂಸ್ಥೆಯ ಶ್ರುತಿಪೆಟ್ಟಿಗೆ, ತಾಳಯಂತ್ರಗಳು ಹೊರದೇಶಗಳ ಸಂಗೀತದ ಮನೆಗಳನ್ನೂ ಸೇರಿದವು. ಸಂಗೀತ ಗೊತ್ತಿಲ್ಲದ ಎಂಜಿನಿಯರಿಗೆ ಇದು ಹೊಳೆಯುತ್ತಿರಲಿಲ್ಲ, ಎಂಜಿನಿಯರಿಂಗ್ ಗೊತ್ತಿಲ್ಲದ ಸಂಗೀತಗಾರರಿಗೆ ಸಾಧ್ಯವಾಗುತ್ತಿರಲಿಲ್ಲ.

ಇತ್ತೀಚಿನ ಉದಾಹರಣೆ ಬೇಕೆಂದರೆ ಸ್ಪೇನಿನ ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಕ್ಸೇವಿಯರ್ ಸೆರಾ ಅವರು ನಡೆಸಿದ ಕಾಂಪ್‌ಮ್ಯೂಸಿಕ್ ಯೋಜನೆ ಇದೆ. 2011ರಿಂದ 2017ರವರೆಗೆ ನಡೆದ ಆ ಕೆಲಸದಲ್ಲಿ ಕರ್ನಾಟಕ, ಹಿಂದೂಸ್ತಾನಿ ಸಂಗೀತಗಳೂ ಇದ್ದವು. ರಾಗ ಯಾವುದು, ತಾಳದ ಸಮ ಎಲ್ಲಿ, ಗಮಕ ಎಲ್ಲಿ ತಿರುಗುತ್ತದೆ ಎನ್ನುವುದನ್ನು ಕಂಪ್ಯೂಟರಿಗೆ ಗುರುತಿಸಲು ಕಲಿಸುವ ಪ್ರಯತ್ನ. ಐಐಟಿ ಮದ್ರಾಸಿನವರೂ ಅದರಲ್ಲಿದ್ದರು. ಇಂಥ ಕಡೆ ಪ್ರೋಗ್ರಾಮ್ ಬರೆಯುವವರು ಎಷ್ಟು ಬೇಕೋ, ತೋಡಿಯ ಗಾಂಧಾರವನ್ನು ಕಿವಿಯಿಂದ ಹಿಡಿಯಬಲ್ಲವರೂ ಅಷ್ಟೇ ಬೇಕು.

ಧ್ವನಿಮುದ್ರಣ, ಹಳೆಯ ಟೇಪುಗಳ ಸಂರಕ್ಷಣೆ, ಅವುಗಳಿಗೆ ರಾಗ, ತಾಳ, ರಚನಕಾರರ ಹೆಸರು ಹಾಕಿ ಪಟ್ಟಿ ಮಾಡುವುದು, ಇವೂ ಕೆಲಸಗಳೇ. ಗುರುಗ್ರಾಮದಲ್ಲಿರುವ ಎಆರ್‌ಸಿಇ, ಚೆನ್ನೈನ ಸಂಪ್ರದಾಯದಂಥ ಸಂಗ್ರಹಾಲಯಗಳನ್ನು ಒಮ್ಮೆ ನೋಡಿದರೆ ಅಲ್ಲಿ ಎಂಥ ಜ್ಞಾನ ಬೇಕೆಂದು ತಿಳಿಯುತ್ತದೆ.

ಇನ್ನು ವಾದ್ಯ ಮಾಡುವವರು. ವಿಜಯವಾಡದ ಹತ್ತಿರದ ನೂಜಿವೀಡು, ಉತ್ತರಾಂಧ್ರದ ಬೊಬ್ಬಿಲಿ, ನಮ್ಮ ದೊಡ್ಡಬಳ್ಳಾಪುರದ ಕಡೆಯ ಸಿಂಪಾಡಿಪುರ, ಮೂರೂ ವೀಣೆಯ ಊರುಗಳು. ಒಂದೇ ಹಲಸಿನ ಮರದಲ್ಲಿ ಕೊರೆಯುವ ಬೊಬ್ಬಿಲಿ ವೀಣೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮನೆತನದಿಂದ ಬಂದ ಕಸುಬು ಇದು, ಹೊರಗಿನವರು ದಿಢೀರೆಂದು ಹೋಗಿ ಮಾಡುವಂಥದ್ದಲ್ಲ. ಆದರೆ ವಿದೇಶದಲ್ಲಿರುವ ವೀಣೆ ವಿದ್ಯಾರ್ಥಿಗಳಿಗೂ ಈ ಕುಶಲಕರ್ಮಿಗಳಿಗೂ ನಡುವೆ ನಿಂತು, ವಾದ್ಯ ಆರಿಸಿ, ಪರೀಕ್ಷಿಸಿ, ಭದ್ರವಾಗಿ ಕಳಿಸಿಕೊಡುವ, ನುಡಿಸಲು ಬಲ್ಲ ನಂಬಿಕಸ್ಥರು ಬೇಕಾಗಿದ್ದಾರೆ.

ಸಂಗೀತ ಚಿಕಿತ್ಸೆಯ ಬಗ್ಗೆಯೂ ಜನ ಕೇಳುತ್ತಾರೆ. ವಾರಾಂತ್ಯದ ಸರ್ಟಿಫಿಕೇಟ್ ಕೊಡುವವರು ಬಹಳ, ಅದನ್ನು ನಂಬಿ ಕೆಲಸ ಕೊಡುವ ಆಸ್ಪತ್ರೆಗಳು ಕಡಿಮೆ. ಆ ಕಡೆ ಹೋಗುವವರು ಮನಶ್ಶಾಸ್ತ್ರದ ಪದವಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಲಿ.

ಎರಡು ಭಾಷೆಯ ಆಸ್ತಿ

ಹೊರನಾಡ ಕನ್ನಡಿಗರ ಮಕ್ಕಳಿಗೆ ಇರುವ ಒಂದು ಅನುಕೂಲವನ್ನು ನಾವೇ ಗಮನಿಸುವುದಿಲ್ಲ. ಕರ್ನಾಟಕ ಸಂಗೀತದ ಮೊದಲ ಪಾಠಗಳು, ಮಾಯಾಮಾಳವಗೌಳದ ಸರಳೆ, ಜಂಟಿ, ಆಮೇಲಿನ ಪಿಳ್ಳಾರಿ ಗೀತೆಗಳು, ಪುರಂದರದಾಸರ ಹೆಸರಿನಲ್ಲಿ ಬಂದವು. ತ್ಯಾಗರಾಜರ, ಕ್ಷೇತ್ರಯ್ಯನ, ಅನ್ನಮಾಚಾರ್ಯರ ರಚನೆಗಳು ತೆಲುಗಿನಲ್ಲಿವೆ. ಬೆಂಗಳೂರಿನ ಎಷ್ಟೋ ಮಕ್ಕಳು ತೆಲುಗು ಅರ್ಥವಾಗದೆ ಕೃತಿ ಹಾಡುತ್ತಾರೆ, ವಿಜಯವಾಡದ ಎಷ್ಟೋ ಮಕ್ಕಳು ಕನ್ನಡ ಅರ್ಥವಾಗದೆ ದೇವರನಾಮ ಹಾಡುತ್ತಾರೆ. ಪದವನ್ನು ಎಲ್ಲಿ ಒಡೆಯಬೇಕು, ಎಲ್ಲಿ ಒಡೆದರೆ ಅರ್ಥ ಕೆಡುತ್ತದೆ ಎಂದು ಹೇಳಿಕೊಡಲು ಎರಡೂ ಬಲ್ಲವರು ಬೇಕು.

ನಮ್ಮ ಹುಡುಗಿಗೆ ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಅಮ್ಮನ ಬಲವಂತಕ್ಕೆ ಕನ್ನಡ ಓದಲು, ಬರೆಯಲು ಕಲಿತಳು. ಅವಳ ಸಂಗೀತದ ಮೇಷ್ಟ್ರು ಈಗ ದೇವರನಾಮದ ಪಾಠದ ದಿನ ಚಿಕ್ಕ ಮಕ್ಕಳನ್ನು ಅವಳ ಮುಂದೆ ಕೂರಿಸುತ್ತಾರೆ. "ಇಲ್ಲಿ 'ಳ', 'ಲ' ಅಲ್ಲ" ಎಂದು ಅವಳು ತಿದ್ದುವುದನ್ನು ನಾನೇ ಕೇಳಿದ್ದೇನೆ. ದುಬೈಯಲ್ಲಿ, ಡಲ್ಲಾಸಿನಲ್ಲಿ, ಪುಣೆಯಲ್ಲಿ ಇರುವ ಓದುಗರೇ, ನಿಮ್ಮ ಮಗುವಿಗೆ ಸಂಗೀತದ ಜೊತೆ ಕನ್ನಡದ ಅಕ್ಷರವನ್ನೂ ಕಲಿಸಿ. ನಾಳೆ ಅದಕ್ಕೂ ಸಂಭಾವನೆ ಬಂದೀತು.

ಲೆಕ್ಕದ ಪುಸ್ತಕ

ಭಾವನ ಮುಂದೆ ಒಂದು ಎಕ್ಸೆಲ್ ಹಾಳೆ ಇಟ್ಟೆ. ಅಂಕಿಗಳು ಊಹೆಯವು, ನಿಮ್ಮ ಊರಿನ ದರ ಹಾಕಿ ನೋಡಿಕೊಳ್ಳಿ. ತಿಂಗಳಿಗೆ ತಲಾ 800 ರೂಪಾಯಿಯಂತೆ 25 ಮಕ್ಕಳು ಬಂದರೆ 20,000. ಆದರೆ ಈ ಊರಿನಲ್ಲಿ ಪರೀಕ್ಷೆಯ ಕಾಲಕ್ಕೆ ಮಕ್ಕಳು ಸಂಗೀತದ ಪಾಠ ಬಿಟ್ಟೇ ಬಿಡುತ್ತಾರೆ. ಹಾಗಾಗಿ ವರ್ಷಕ್ಕೆ ಹತ್ತು ತಿಂಗಳೇ ಹಿಡಿಯಬೇಕು, ಅಂದರೆ ಎರಡು ಲಕ್ಷ. ಅಮೆರಿಕದ ಮಕ್ಕಳಿಗೆ ಆನ್‌ಲೈನ್ ಪಾಠ ಸಿಕ್ಕರೆ ಅವರ ಸಂಜೆ ನಮಗೆ ಬೆಳಗಿನ ಜಾವ. ಐದೂವರೆಗೆ ಎದ್ದು ಕೂರಬೇಕು, ತನ್ನ ಸಾಧನೆಯ ಹೊತ್ತೂ ಅದೇ. ಆ ಹೊತ್ತನ್ನು ಮಾರಿಕೊಂಡರೆ ಹತ್ತು ವರ್ಷದ ಮೇಲೆ ಕಂಠದಲ್ಲಿ ಏನು ಉಳಿಯುತ್ತದೆ ಎಂದು ಕೇಳಿದವಳು ಹುಡುಗಿಯೇ. ಆ ಕಾಲಂ ನನ್ನ ಹಾಳೆಯಲ್ಲಿ ಇರಲಿಲ್ಲ. ಸೇರಿಸಿದೆ: ದಿನಕ್ಕೆ ಮೂರು ಗಂಟೆ ಸಾಧನೆ, ಯಾರಿಗೂ ಮಾರಾಟಕ್ಕಿಲ್ಲ.

ಖರ್ಚಿನ ಕಡೆ ಗುರುಗಳ ಫೀಸು, ಓಡಾಟ, ವಾದ್ಯ, ಪರೀಕ್ಷೆಗಳು, ಆರೋಗ್ಯ ವಿಮೆ, ತಾನೇ ಕಟ್ಟಿಕೊಳ್ಳುವ ಎನ್‌ಪಿಎಸ್ ಕಂತು. ಭಾವ ಪೆನ್ನು ತೆಗೆದು ಎನ್‌ಪಿಎಸ್ ಸಾಲಿನ ಕೆಳಗೆ ಗೆರೆ ಎಳೆದರು. "ಇದನ್ನ ಮೊದಲ್ನೇ ತಿಂಗಳಿಂದಾನೇ ಕಟ್ಬೇಕು. ಐನೂರಾದ್ರೂ ಸರಿ" ಎಂದರು. ಅವರು ಒಪ್ಪಿಕೊಳ್ಳುತ್ತಿದ್ದಾರೆ ಎಂದು ಅಕ್ಕನಿಗೆ ತಿಳಿದದ್ದು ಆಗಲೇ. ಎದ್ದು ಒಳಗೆ ಹೋದವಳು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಕೊನೆಗೆ ಆದ ಒಪ್ಪಂದ ಹೀಗಿದೆ. ಹುಡುಗಿ ಸಂಗೀತದ ಪದವಿ ಓದಲು ಮೈಸೂರಿಗೆ ಹೋಗುವುದು. ಆಕಾಶವಾಣಿ ಆಡಿಷನ್, ಆಮೇಲೆ ಎಂ.ಎ., ನೆಟ್. ಇವೆಲ್ಲಕ್ಕೂ ಅಪ್ಪ ಅಮ್ಮ ಏಳು ವರ್ಷ ಬೆನ್ನಿಗೆ ನಿಲ್ಲುವುದು. ಆ ಏಳು ವರ್ಷ ಮದುವೆಯ ಮಾತು ಎತ್ತುವ ಹಾಗಿಲ್ಲ. ಇದು ಅವಳು ಹಾಕಿದ ಶರತ್ತು. ಏಳು ವರ್ಷದ ಹೊತ್ತಿಗೆ ಮೂರು ಬಾಗಿಲುಗಳಲ್ಲಿ ಎರಡಾದರೂ ತೆರೆದಿರಬೇಕು. ಇದು ಭಾವನ ಶರತ್ತು. ಈಗ ಅವಳು ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ. ಭವಾನಿಪುರಂನ ನಾಲ್ಕು ಮಕ್ಕಳಿಗೆ ಶನಿವಾರ ಆನ್‌ಲೈನಿನಲ್ಲಿ ದೇವರನಾಮ ಹೇಳಿಕೊಡುತ್ತಾಳೆ. ಮುಂದೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಎಂಜಿನಿಯರಿಂಗ್ ಸೇರಿಸಿದ್ದರೂ ಗೊತ್ತಿರುತ್ತಿರಲಿಲ್ಲ.

ನಮ್ಮ ಹಾಸನ ಜಿಲ್ಲೆಯ ರುದ್ರಪಟ್ಟಣ ಕಾವೇರಿ ತೀರದ ಸಂಗೀತದ ಊರು, ಶ್ರೀಕಂಠನ್ ಅಲ್ಲಿಯವರು. ಜೋಡಿಯಾಗಿ ಹಾಡಿ ಹೆಸರಾದ ರುದ್ರಪಟ್ಟಣಂ ಸಹೋದರರೂ ಅಲ್ಲಿಯವರೇ. ಅವರಲ್ಲಿ ಆರ್.ಎನ್. ತ್ಯಾಗರಾಜನ್ ಆಕಾಶವಾಣಿಯಲ್ಲಿದ್ದರು, ಆರ್.ಎನ್. ತಾರಾನಾಥನ್ ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ವಿಜ್ಞಾನಿ. ಒಬ್ಬರದು ಸಂಗೀತದ್ದೇ ಉದ್ಯೋಗ, ಇನ್ನೊಬ್ಬರದು ಪ್ರಯೋಗಾಲಯ. ವೇದಿಕೆ ಮಾತ್ರ ಒಂದೇ. ಯಾವುದು ದೊಡ್ಡ ದಾರಿ, ಯಾವುದು ಚಿಕ್ಕದು ಎಂದು ಕೇಳುಗರು ಕೇಳಲಿಲ್ಲ. ಮನೆಯವರಾದ ನಾವೂ ಆ ಪ್ರಶ್ನೆ ಬಿಟ್ಟು ಬೇರೆ ನಾಲ್ಕು ಪ್ರಶ್ನೆ ಕೇಳಬಹುದು. ಯಾರೂ ಹೇಳದಿದ್ದರೂ ಮಗು ದಿನಾ ಸಾಧನೆಗೆ ಕೂರುತ್ತದೆಯೇ? ಗುರುಗಳು ಮುಖಸ್ತುತಿ ಬಿಟ್ಟು ನಿಜ ಹೇಳುತ್ತಾರೆಯೇ? ಕೈಯಲ್ಲಿ ಒಂದು ಪದವಿ ಇರುತ್ತದೆಯೇ? ಎಷ್ಟು ವರ್ಷ ನಾವು ಬೆನ್ನಿಗೆ ನಿಲ್ಲಬಲ್ಲೆವು, ಅದನ್ನು ಮೊದಲೇ ಬಾಯಿಬಿಟ್ಟು ಹೇಳಿದ್ದೇವೆಯೇ?

ನಾಲ್ಕಕ್ಕೂ ಹೌದೆನ್ನುವ ಮನೆಯಾದರೆ ಅರ್ಜಿ ತುಂಬಿಸಿ. ಪೆನ್ಷನ್ ಕಂತನ್ನು ಮಾತ್ರ ಮೊದಲ ತಿಂಗಳಿಂದಲೇ ಕಟ್ಟಿಸಿ. ಅದು ಭಾವ ಎಲ್ಲರಿಗೂ ಹೇಳಲು ಹೇಳಿದ ಮಾತು.